ಹಳೆಯ ರಸೀದಿ ರದ್ದಿಗೆ ಹಾಕುವ ಮುನ್ನ

ನವದೆಹಲಿ: ಸರೋಜಿನಿ ನಗರ ಎಂದೊಡನೆ ಎಲ್ಲರಿಗೂ ನೆನಪಾಗುವುದು ಅಗ್ಗದ ಬಟ್ಟೆಯ ಮಾರುಕಟ್ಟೆ. ಆದರೆ ಇದು ಕೇಂದ್ರ ಸರ್ಕಾರಿ ನೌಕರರ ಬಡಾವಣೆಯೂ ಹೌದು. ಹಿಂದೆ ವಿನಯ ನಗರ ಎನಿಸಿಕೊಂಡಿದ್ದ ಇಲ್ಲಿಯ ಹಳೆಯ ಕ್ವಾರ್ಟರ್ಸ್‌ಗಳನ್ನು ಕೆಡವಿ ಬಹುಮಹಡಿ ಕಟ್ಟಡ ಕಟ್ಟುವ ಯೋಜನೆಗೆ 2016ರಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿಗೆ ನೀಡಿತು. ಮನೆ ಖಾಲಿ ಮಾಡುವಾಗ ಮೊದಲು ಕಬಾಡಿವಾಲಾನ ತಕ್ಕಡಿ ಏರುವುದು ಹಳೆಯ ಕಾಗದದ ಕಟ್ಟು. ಅದರೊಳಗೆ ಅಂಚೆ ರಸೀದಿಗಳೂ ಇರುತ್ತವೆ. ಅವುಗಳ ಮಹತ್ವ ತಿಳಿಯಲು ಜರ್ಮನಿಯ ಸಂಗ್ರಾಹಕರ ಹವ್ಯಾಸವೊಂದನ್ನು ನೋಡಬೇಕು.

ಕುದುರೆ ಗಾಡಿಯ ರಸೀದಿ

ರೈಲು ಬರುವ ಮುನ್ನ ಜರ್ಮನಿಯಲ್ಲಿ ದೂರದೂರಿಗೆ ಹೊರಟವರು ಅಂಚೆ ಕಚೇರಿಗೆ ಹೋಗಿ ಹಣ ಕಟ್ಟುತ್ತಿದ್ದರು. ಟಪಾಲು ಸಾಗಿಸುವ ಕುದುರೆ ಗಾಡಿಯಲ್ಲೇ ಪ್ರಯಾಣಿಕರಿಗೂ ಜಾಗ. ಹಣಕ್ಕೆ ಪ್ರತಿಯಾಗಿ ಗುಮಾಸ್ತರು ರಸೀದಿ ಬರೆದು ಕೊಡುತ್ತಿದ್ದರು. ಅಂಚೆ ರಸೀದಿಗೆ ಅಲ್ಲಿ ‘ಪೋಸ್ಟ್‌ಶೈನ್’ ಎಂದು ಹೆಸರು.

ಪ್ರಯಾಣಿಕನ ಹೆಸರು, ಹೋಗುವ ಊರು, ತಾರೀಖು, ಕಟ್ಟಿದ ಹಣ ಇವೆಲ್ಲ ಅದರಲ್ಲಿ ಕೈಬರಹದಲ್ಲಿರುತ್ತವೆ. 1871ರಲ್ಲಿ ಜರ್ಮನಿ ಒಂದಾಗುವ ಮುನ್ನ ಹಲವು ರಾಜ್ಯಗಳಿಗೆ ಅವುಗಳದೇ ಅಂಚೆ, ಅವುಗಳದೇ ನಾಣ್ಯ. ಹೀಗಾಗಿ ಪ್ರಷ್ಯಾದ ರಸೀದಿಯಲ್ಲಿ ಟಾಲರ್, ದಕ್ಷಿಣದ ರಾಜ್ಯಗಳದ್ದರಲ್ಲಿ ಗುಲ್ಡೆನ್ ಲೆಕ್ಕ. ಅನೇಕ ಚಿಕ್ಕ ರಾಜ್ಯಗಳ ಅಂಚೆಯನ್ನು ಟೂರ್ನ್ ಉಂಟ್ ಟಾಕ್ಸಿಸ್ ಎಂಬ ಶ್ರೀಮಂತ ಮನೆತನವೇ ನಡೆಸುತ್ತಿತ್ತು. 1867ರಲ್ಲಿ ಪ್ರಷ್ಯಾ ಅದನ್ನು ವಹಿಸಿಕೊಂಡಿತು. ಗಾಡಿ ಬರುವುದನ್ನು ಸಾರಲು ಊದುತ್ತಿದ್ದ ಕೊಂಬು ಇಂದಿಗೂ ಜರ್ಮನ್ ಅಂಚೆಯ ಲಾಂಛನ.

ಅಂಚೆಚೀಟಿ ಲಕ್ಷಗಟ್ಟಲೆ ಅಚ್ಚಾಗುತ್ತದೆ. ರಸೀದಿಯಲ್ಲಿರುವುದು ಒಬ್ಬ ಮನುಷ್ಯ ಒಂದು ದಿನ ಮಾಡಿದ ಪ್ರಯಾಣ. ಸಂಗ್ರಾಹಕರಿಗೆ ಇದರ ಮೇಲೆ ಪ್ರೀತಿ ಹುಟ್ಟಲು ಇದೇ ಕಾರಣ.

ಕನ್ನಡದ ನಂಟು

ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ಆರಂಭಿಸಿದ ಹರ್ಮನ್ ಮೊಗ್ಲಿಂಗ್ ಇದೇ ಕುದುರೆ ಗಾಡಿಗಳ ಕಾಲದವರು. ಅವರು ಭಾರತಕ್ಕೆ ಹೊರಟಿದ್ದು 1836ರಲ್ಲಿ. ಜರ್ಮನಿಯ ಮೊದಲ ಉಗಿಬಂಡಿ ರೈಲು ನ್ಯೂರೆಂಬರ್ಗ್‌ನಿಂದ ಫ್ಯೂರ್ತ್‌ಗೆ ಓಡಿದ್ದು ಅದಕ್ಕೆ ಸ್ವಲ್ಪ ಮೊದಲು, 1835ರ ಡಿಸೆಂಬರ್‌ನಲ್ಲಿ.

ನಮ್ಮಲ್ಲೂ ಅಂಚೆಗೆ ದೊಡ್ಡ ಇತಿಹಾಸವಿದೆ. ಚಿಕ್ಕದೇವರಾಜ ಒಡೆಯರು 1672ರಲ್ಲಿ ಆರಂಭಿಸಿದ ಮೈಸೂರು ಅಂಚೆ, 1889ರಲ್ಲಿ ಬ್ರಿಟಿಷ್ ಭಾರತದ ಅಂಚೆಯಲ್ಲಿ ಸೇರಿತು. ಉತ್ತರ ಭಾರತದಲ್ಲಿ ಹಿಂದೆ ಪ್ರಯಾಣಿಕರು ಪೋಸ್ಟ್ ಮಾಸ್ಟರರಿಗೆ ಮುಂಗಡ ಕಟ್ಟಿದರೆ ದಾರಿಯುದ್ದಕ್ಕೂ ಪಲ್ಲಕ್ಕಿ ಹೊರುವವರ ಏರ್ಪಾಡಾಗುತ್ತಿತ್ತು. ಮುಂದೆ ದೆಹಲಿಯನ್ನು ಹಾದುಹೋಗುವ ಗ್ರ್ಯಾಂಡ್ ಟ್ರಂಕ್ ರಸ್ತೆಯಲ್ಲಿ ಕುದುರೆ ಕಟ್ಟಿದ ಡಾಕ್ ಗಾಡಿಗಳು ಓಡಿದವು.

ಮನೆಯಲ್ಲೇ ಇರುವ ಚರಿತ್ರೆ

ದೆಹಲಿ ಕನ್ನಡಿಗರ ಮನೆಗಳಲ್ಲಿ ಡಾಕ್ ಗಾಡಿಯ ರಸೀದಿ ಸಿಗಲಾರದು. ಆದರೆ ಊರಿನ ತಂದೆ ತಾಯಿಗೆ ಕಳಿಸಿದ ಮನಿಯಾರ್ಡರಿನ ರಸೀದಿ, ತಂತಿ ಕೊಟ್ಟ ರಸೀದಿ, ರಿಜಿಸ್ಟರ್ಡ್ ಕಾಗದದ ರಸೀದಿ ಇರಬಹುದು. ತಂತಿ ಸೇವೆ 2013ರ ಜುಲೈನಲ್ಲಿ ಮುಗಿಯಿತು. ಹಳೆಯ ಬಗೆಯ ಮನಿಯಾರ್ಡರ್ 2015ರಲ್ಲಿ ನಿಂತಿತು. ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟ್‌ನೊಂದಿಗೆ ವಿಲೀನವಾಯಿತು. ಇವುಗಳ ರಸೀದಿ ಇನ್ನು ಹೊಸದಾಗಿ ಹುಟ್ಟುವುದಿಲ್ಲ. ಸಂಬಳದಲ್ಲಿ ಎಷ್ಟು ಉಳಿಸಿ ಯಾವ ತಿಂಗಳು ಯಾರಿಗೆ ಕಳಿಸಿದರು ಎಂಬುದನ್ನು ಬೇರಾವ ಪುಸ್ತಕವೂ ಹೇಳದು.

ಜೋಪಾನ ಮಾಡುವುದು ಸುಲಭ. ತುಕ್ಕು ಹಿಡಿಯುವ ಪಿನ್ನು ತೆಗೆಯಬೇಕು. ಸೆಲ್ಲೋಟೇಪ್ ಅಂಟಿಸಬಾರದು, ಲ್ಯಾಮಿನೇಷನ್ ಬೇಡ. ಬೆಳಕು, ತೇವ ತಾಗದಂತೆ ಆಮ್ಲರಹಿತ ಕಾಗದದ ಲಕೋಟೆಯಲ್ಲಿಟ್ಟು, ಯಾರು ಯಾರಿಗೆ ಕಳಿಸಿದ್ದು ಎಂದು ಲಕೋಟೆಯ ಮೇಲೆ ಪೆನ್ಸಿಲ್‌ನಲ್ಲಿ ಬರೆದರೆ ಸಾಕು.

ಈ ಹವ್ಯಾಸದಲ್ಲಿ ಆಸಕ್ತಿ ಇರುವವರು ಸಂಸದ್ ಮಾರ್ಗದ ಡಾಕ್ ಭವನದಲ್ಲಿರುವ ರಾಷ್ಟ್ರೀಯ ಅಂಚೆಚೀಟಿ ಸಂಗ್ರಹಾಲಯವನ್ನು ಮಕ್ಕಳೊಂದಿಗೆ ನೋಡಬಹುದು. 1968ರಲ್ಲಿ ಆರಂಭವಾದ ಈ ಸಂಗ್ರಹಾಲಯಕ್ಕೆ ಪಟೇಲ್ ಚೌಕ್ ಮೆಟ್ರೋ ನಿಲ್ದಾಣ ಹತ್ತಿರ.