ಸ್ಕ್ಯಾನರ್ ಹೇಳಿದ್ದು, ಹೇಳದ್ದು

ಡೀಸೆಲ್ ಕಾರಿನಲ್ಲಿ ‘ಚೆಕ್ ಎಂಜಿನ್’ ದೀಪ ಹತ್ತುತ್ತದೆ, ಗ್ಯಾರೇಜಿನಲ್ಲಿ ಸ್ಕ್ಯಾನರ್ ಜೋಡಿಸುತ್ತಾರೆ, ಪರದೆಯ ಮೇಲೆ ಪಿ0546 ಎಂಬ ಕೋಡ್ ಮೂಡುತ್ತದೆ. ಹೊಗೆಯ ಬಿಸಿ ಅಳೆಯುವ ಸೆನ್ಸರ್ ಹೋಗಿದೆ, ಹೊಸದು ಹಾಕಬೇಕು ಎಂಬ ತೀರ್ಮಾನ ಎಷ್ಟೋ ಕಡೆ ಅಲ್ಲಿಗೇ ಆಗಿಬಿಡುತ್ತದೆ. ಈ ಆತುರ ತಪ್ಪು. ಕೋಡ್ ದೂರುವುದು ಇಡೀ ಸರ್ಕ್ಯೂಟನ್ನು. ಅದರಲ್ಲಿ ಸೆನ್ಸರ್ ಅಲ್ಲದೆ ವೈರು, ಕನೆಕ್ಟರ್, ಕೊನೆಗೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಆದ ಇಸಿಯು ಕೂಡ ಇವೆ. ಈ ಕೋಡಿನ ವಿವರಣೆಯಲ್ಲಿ ಬರುವ ‘ಹೈ’ ಎಂಬ ಮಾತೂ ಹಲವರನ್ನು ದಾರಿ ತಪ್ಪಿಸುತ್ತದೆ. ಅದು ಹೊಗೆ ಅತಿಯಾಗಿ ಕಾದಿದೆ ಎಂದಲ್ಲ, ಸರ್ಕ್ಯೂಟಿನ ವೋಲ್ಟೇಜ್ ಏರಿದೆ ಎಂದು. ಇಸಿಯು 5 ವೋಲ್ಟ್ ಕಳಿಸಿ ಅಳೆಯುವ ವ್ಯವಸ್ಥೆಯಲ್ಲಿ ವೈರು ಎಲ್ಲೋ ತುಂಡಾದರೆ ಆ 5 ವೋಲ್ಟ್ ಹಾಗೇ ಉಳಿದುಬಿಡುತ್ತದೆ. ಅಂದರೆ ಇಲಿ ಕಡಿದ ಅಥವಾ ಬಿಸಿ ಪೈಪಿಗೆ ತಾಗಿ ಕರಗಿದ ಒಂದು ವೈರು ಸಾಕು, ಇದೇ ಕೋಡ್ ಬರಲು.

ಸೆನ್ಸರ್ ನಿಜಕ್ಕೂ ಕೆಟ್ಟಿದೆಯೇ ಎಂದು ತಿಳಿಯಲು ಒಳ್ಳೆಯ ಹೊತ್ತು ಬೆಳಗಿನದು. ರಾತ್ರಿಯಿಡೀ ನಿಂತ ಕಾರಿನಲ್ಲಿ ಎಂಜಿನ್ ಚಾಲೂ ಮಾಡದೆ ಇಗ್ನಿಷನ್ ಮಾತ್ರ ಆನ್ ಮಾಡಿ ಸ್ಕ್ಯಾನರಿನಲ್ಲಿ ಲೈವ್ ಡೇಟಾ ನೋಡಬೇಕು. ಕೂಲೆಂಟ್, ಒಳಗೆ ಬರುವ ಗಾಳಿ, ಹೊಗೆ ಕೊಳವೆ ಮೂರೂ ಆಗ ಹೆಚ್ಚುಕಡಿಮೆ ಒಂದೇ ಉಷ್ಣತೆ ತೋರಿಸಬೇಕು. ಹೊಗೆಯ ಸೆನ್ಸರ್ ಮಾತ್ರ ನೂರಾರು ಡಿಗ್ರಿ ತೋರಿಸಿದರೆ ಕನೆಕ್ಟರ್ ಬಿಚ್ಚಿ ಮಲ್ಟಿಮೀಟರ್ ಹಿಡಿಯಬೇಕು. ಇಂಥ ಕಡೆ ಬಳಸುವ ಪ್ಲಾಟಿನಂ ಸೆನ್ಸರುಗಳಲ್ಲಿ ಒಂದು ಬಗೆಯದು 0 ಡಿಗ್ರಿಯಲ್ಲಿ 200 ಓಮ್, 25 ಡಿಗ್ರಿಯಲ್ಲಿ ಸುಮಾರು 220 ಓಮ್ ತೋರಿಸುತ್ತದೆ. ಬೇರೆ ಬಗೆಯವುಗಳ ಲೆಕ್ಕ ಬೇರೆ. ಕಂಪನಿಯ ಸರ್ವಿಸ್ ಮ್ಯಾನ್ಯುಯಲ್ ನೋಡದೆ ತೀರ್ಪು ಕೊಡಬಾರದು. ಓಮ್ ಸರಿಯಿದ್ದರೆ ಹುಡುಕಬೇಕಾದದ್ದು ವೈರಿಂಗಿನಲ್ಲಿ.

ಇಷ್ಟೆಲ್ಲ ಮಾಡುವ ಹೊತ್ತಿಗೆ ಸೆನ್ಸರನ್ನೇ ಬದಲಿಸಬಹುದಲ್ಲ ಎಂದು ಕೇಳುವವರಿದ್ದಾರೆ. ಓಮ್ ಅಳೆಯಲು ಬೇಕಾದದ್ದು ಕೆಲವೇ ನಿಮಿಷ. ಬದಲಿಸುವುದು ಅಷ್ಟು ಸುಲಭವಲ್ಲ, ವರ್ಷಗಟ್ಟಲೆ ಕಾದ ಪೈಪಿನಲ್ಲಿ ಸೆನ್ಸರಿನ ಮರೆ (ಥ್ರೆಡ್) ಕಚ್ಚಿಕೊಂಡಿರುತ್ತದೆ. ಬಲವಂತ ಮಾಡಿದರೆ ಪೈಪಿನ ಕಡೆಯ ಮರೆಯೂ ಹಾಳಾಗಬಹುದು. ತಣ್ಣಗಿದ್ದಾಗ ಸರಿಯಿದ್ದು ಕಾದ ಮೇಲೆ ಕೈಕೊಡುವ ಸೆನ್ಸರುಗಳೂ ಉಂಟು, ಅವು ಬೆಳಗಿನ ಪರೀಕ್ಷೆಯಲ್ಲಿ ಸಿಕ್ಕಿಬೀಳುವುದಿಲ್ಲ ಎಂಬುದು ನಿಜ. ಅಂಥವನ್ನು ಕಾರು ಓಡುವಾಗಲೇ ಲೈವ್ ಡೇಟಾದಲ್ಲಿ ಹಿಡಿಯಬೇಕು. ಇನ್ನು, ಗಾಡಿ ಚೆನ್ನಾಗಿಯೇ ಓಡುತ್ತಿದೆ, ದೀಪ ಉರಿದರೆ ಉರಿಯಲಿ ಎನ್ನುವುದು ಹೆಚ್ಚು ಅಪಾಯದ ಮಾತು. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್ 6 ನಿಯಮದ ಡೀಸೆಲ್ ಕಾರುಗಳಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಅದನ್ನು ಶುಚಿ ಮಾಡಲು ಇಸಿಯು ಹೆಚ್ಚುವರಿ ಇಂಧನ ಚಿಮ್ಮಿಸುತ್ತದೆ. ಅದು ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಉರಿದು ಹೊಗೆಯನ್ನು ಸುಮಾರು 600 ಡಿಗ್ರಿಗೆ ಏರಿಸುತ್ತದೆ, ಮಸಿ ಸುಟ್ಟುಹೋಗುತ್ತದೆ. ಬಿಸಿ ಎಷ್ಟೆಂದು ಖಚಿತವಾಗಿ ತಿಳಿಯದಿದ್ದರೆ ಇಸಿಯು ಈ ಕೆಲಸಕ್ಕೆ ಕೈಹಾಕದೆ ಇರಬಹುದು. ಫಿಲ್ಟರ್ ಕಟ್ಟಿಕೊಂಡರೆ ಆಗುವ ಖರ್ಚಿನ ಮುಂದೆ ಸೆನ್ಸರಿನ ಬೆಲೆ ಏನೂ ಅಲ್ಲ.

ಎಲ್ಲಕ್ಕಿಂತ ಹೆಚ್ಚು ಮರೆತುಹೋಗುವುದು, ಸೆನ್ಸರ್ ನಿಜವನ್ನೇ ಹೇಳುತ್ತಿರಬಹುದು ಎಂಬುದು. ಬೆಳಗ್ಗೆ ಸರಿಯಾದ ಅಂಕಿ ಕೊಟ್ಟು ಓಡುವಾಗ ವಿಪರೀತ ಬಿಸಿ ತೋರಿಸಿದರೆ ಮೊದಲು ಇಂಜೆಕ್ಟರ್ ಸೋರುತ್ತಿದೆಯೇ ನೋಡಬೇಕು. ಪೆಟ್ರೋಲ್ ಕಾರಿನಲ್ಲಾದರೆ ಮಿಸ್‌ಫೈರ್ ಆಗಿ ಉರಿಯದ ಇಂಧನ ಕನ್ವರ್ಟರಿನೊಳಗೆ ಉರಿದು, ಅಲ್ಲಿನ ಸೆರಾಮಿಕ್ ಜಾಲರಿಯೇ ಕರಗಬಹುದು. ಆಗ ಸೆನ್ಸರ್ ಬದಲಿಸುವುದು ಜ್ವರಕ್ಕೆ ಥರ್ಮಾಮೀಟರ್ ಬದಲಿಸಿದ ಹಾಗೆ. ಹೊಸ ಸೆನ್ಸರಿಗೆ ಒಪ್ಪಿಗೆ ಕೊಡುವ ಮೊದಲು ತಣ್ಣಗಿದ್ದಾಗಿನ ಉಷ್ಣತೆ, ಅಳೆದ ಓಮ್ ಎರಡನ್ನೂ ಜಾಬ್ ಕಾರ್ಡಿನಲ್ಲಿ ಬರೆದುಕೊಡಿ ಎಂದು ಕೇಳುವುದು ಗ್ರಾಹಕರ ಹಕ್ಕು.