ಮಾತು–ಧಾತುಗಳ ಹೊಂದಾಣಿಕೆ: ಯೊರುಬ ಗೀತವೂ ಆರ್ಗನ್ ವಾದ್ಯವೂ

ಗೇಯದಲ್ಲಿ ಪದಭಾಗಕ್ಕೆ ‘ಮಾತು’ ಎಂದೂ ಸ್ವರಭಾಗಕ್ಕೆ ‘ಧಾತು’ ಎಂದೂ ನಮ್ಮ ಲಾಕ್ಷಣಿಕರು ಹೆಸರಿಟ್ಟಿದ್ದಾರೆ. ಇವೆರಡನ್ನೂ ರಚಿಸಬಲ್ಲವನೇ ವಾಗ್ಗೇಯಕಾರನೆಂಬುದು 13ನೆಯ ಶತಮಾನದ ಶಾರ್ಙ್ಗದೇವನ ಮತ. ಹೀಗಿರಲು, ಒಂದು ದೇಶದ ಮಾತಿಗೆ ಮತ್ತೊಂದು ದೇಶದ ಧಾತುವನ್ನು ತೊಡಿಸಿದರೆ ಏನಾಗುವುದು? ಪಶ್ಚಿಮ ಆಫ್ರಿಕಾದ ನೈಜೀರಿಯಾದಲ್ಲಿರುವ ಯೊರುಬ ಜನರ ಸಂಗೀತಚರಿತ್ರೆಯು ಈ ಪ್ರಶ್ನೆಗೆ ಒಳ್ಳೆಯ ನಿದರ್ಶನವಾಗಿದೆ.

ಯೊರುಬ ಭಾಷೆಯ ಅಕ್ಷರಗಳಿಗೆ ಉಚ್ಚ, ಮಧ್ಯ, ನೀಚ ಎಂಬ ಮೂರು ಸ್ವರಭೇದಗಳುಂಟು. ‘ಒಕೊ’ ಎಂಬುದರ ಎರಡಕ್ಷರಗಳೂ ಮಧ್ಯವಾದರೆ ಗಂಡನೆಂದರ್ಥ. ಕೊನೆಯದು ಉಚ್ಚವಾದರೆ ಗುದ್ದಲಿ, ನೀಚವಾದರೆ ವಾಹನ. ಎರಡೂ ನೀಚವಾದರೆ ಈಟಿ. ವೇದಾಧ್ಯಯನ ಮಾಡಿದವರಿಗೆ ಇದು ತೀರ ಹೊಸದಲ್ಲ. ‘ಇಂದ್ರಶತ್ರು’ ಶಬ್ದದ ಅಂತ್ಯದಲ್ಲಿರಬೇಕಾದ ಉದಾತ್ತವು ಆದಿಯಲ್ಲಿ ಬಿದ್ದು, ತತ್ಪುರುಷವು ಬಹುವ್ರೀಹಿಯಾಗಿ, ಇಂದ್ರನನ್ನು ಕೊಲ್ಲಬೇಕಾಗಿದ್ದ ವೃತ್ರನು ಇಂದ್ರನಿಂದಲೇ ಹತನಾದ ಕಥೆಯನ್ನು ಎಲ್ಲರೂ ಬಲ್ಲರು.

19ನೆಯ ಶತಮಾನದ ಕ್ರೈಸ್ತ ಮಿಷನರಿಗಳು ಇಂಗ್ಲಿಷ್ ಕೀರ್ತನೆಗಳನ್ನು ಯೊರುಬಕ್ಕೆ ತಿರುಗಿಸಿ, ಮೂಲದ ಮಟ್ಟಿನಲ್ಲಿಯೇ ಹಾಡಿಸಿದರು. ಪದವು ಇಳಿಯಬೇಕಾದೆಡೆ ಮಟ್ಟು ಏರಿತು, ಅರ್ಥವು ಕೆಟ್ಟಿತು. ಲಾಗೋಸ್ ನಗರದ ಕ್ರೈಸ್ಟ್ ಚರ್ಚಿನಲ್ಲಿ 1914ರಿಂದ 1962ರವರೆಗೆ ಆರ್ಗನ್ ವಾದಕರಾಗಿದ್ದ ಎಕುಂಡಾಯೊ ಫಿಲಿಪ್ಸರು (1884–1969) ಈ ದೋಷವನ್ನು ಮನಗಂಡು, ನುಡಿಯ ಏರಿಳಿತವನ್ನು ಅನುಸರಿಸುವ ಮಟ್ಟುಗಳನ್ನು ಕಟ್ಟಿದರು.

ಅವರಲ್ಲಿ ಕಲಿತ ಫೇಲಾ ಸೊವಾಂಡೆ (1905–1987) ಲಂಡನ್ನಿಗೆ ಹೋಗಿ, 1943ರಲ್ಲಿ ಅಲ್ಲಿನ ಆರ್ಗನ್ ವಾದಕರ ರಾಯಲ್ ಕಾಲೇಜಿನ ಫೆಲೋ ಪದವಿಯನ್ನು ಪಡೆದರು. ಗಾಳಿಯಿಂದ ನುಡಿಯುವ ನೂರಾರು ಕೊಳವೆಗಳುಳ್ಳ, ಕೈಕಾಲುಗಳೆರಡರಿಂದಲೂ ಬಾರಿಸುವ ಆ ಮಹಾವಾದ್ಯಕ್ಕೆಂದು ‘ಒಬಂಗಿಜಿ’ ಮೊದಲಾದ ಕೃತಿಗಳನ್ನು ಯೊರುಬ ಮಟ್ಟುಗಳ ಬೀಜದಿಂದ ಬೆಳೆಸಿದರು. ಇಲ್ಲಿ ಹಾಡುವವರಿಲ್ಲ, ಆದರೂ ಮಟ್ಟಿನ ಏರಿಳಿತದಲ್ಲಿ ಮಾತಿನ ನೆರಳು ಉಳಿದಿದೆ. ಯೊರುಬರ ‘ಡುಂಡುನ್’ ಎಂಬ ಮದ್ದಳೆಯಾದರೋ ಹುರಿಗಳನ್ನು ಅದುಮಿದಂತೆ ಶ್ರುತಿ ಏರಿ, ಮಾತನ್ನೇ ಅನುಕರಿಸುತ್ತದೆ. ಆರ್ಗನ್ನಿನ ಸ್ವರಗಳು ಸ್ಥಿರವಾದುದರಿಂದ ಆ ಜಾರು ಅದಕ್ಕೆ ಅಸಾಧ್ಯ. ಅದರ ಕಿರಿಯ ಬಂಧುವಾದ ಹಾರ್ಮೋನಿಯಮ್ಮಿಗೂ ಗಮಕವು ಒಲಿಯದೆಂದೇ ಆಕಾಶವಾಣಿಯು 1940ರಿಂದ 1971ರವರೆಗೆ ಅದನ್ನು ನಿಷೇಧಿಸಿತ್ತು. ಜಯನಗರ, ಬನಶಂಕರಿಗಳ ಭಜನಮಂಡಲಿಗಳಲ್ಲಿ ಇಂದು ಅದು ನುಡಿಯುತ್ತಿರುವುದು ಕಂಠವನ್ನು ಹಿಂಬಾಲಿಸುವ ಅನುಚರನಾಗಿ.

ಕನ್ನಡಕ್ಕೂ ಇಂಥ ಪರೀಕ್ಷೆ ಬಂದಿತ್ತು. ಮಂಗಳೂರಿನ ಬಾಸೆಲ್ ಮಿಷನ್ನಿನವರು ಕನ್ನಡ ಗೀತಗಳನ್ನು ಜರ್ಮನ್ ಮಟ್ಟುಗಳಲ್ಲಿ ಹಾಡಿಸಿದರು. ನಮ್ಮಲ್ಲಿ ಅರ್ಥವನ್ನು ಕಾಯುವುದು ಮಾತ್ರೆ. ಮಟ್ಟಿಗಾಗಿ ಮೊದಲಕ್ಷರವನ್ನು ಎಳೆದರೆ ಬೆಸ್ತನ ‘ಬಲೆ’ಯು ‘ಬಾಲೆ’ಯಾಗುವುದು! ನಮ್ಮ ರಾಗಾಲಾಪದಲ್ಲಿಯೂ ಇಂಥ ಎಳೆತವುಂಟು. ಸಂದರ್ಭದಿಂದ ಕೇಳುಗನು ಅದನ್ನು ಸರಿಪಡಿಸಿಕೊಳ್ಳುವನು. ಆದಕಾರಣ ನಮ್ಮ ನಷ್ಟವು ಯೊರುಬರದಷ್ಟಿಲ್ಲ. ಅದೇ ಮಿಷನ್ನಿನ ಕಿಟ್ಟೆಲರು 1862ರ ‘ಕಥಾಮಾಲೆ’ಯಲ್ಲಿ ಕ್ರಿಸ್ತಚರಿತ್ರೆಗೆ ದೇಶೀಯ ಪದ್ಯಬಂಧವನ್ನೇ ಆರಿಸಿದರು, 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನು ಸಂಪಾದಿಸಿದರು. ಭಾಷೆಯ ಲಯವನ್ನು ಬಲ್ಲ ವಿದೇಶೀಯನು ಹಿಡಿದ ದಾರಿಯೂ ಫಿಲಿಪ್ಸರದೇ.

ಎರಡು ಸಂಗೀತಗಳು ಕೂಡುವುದನ್ನು ಸಂಕರವೆಂದು ಹಳಿಯಬೇಕಾಗಿಲ್ಲ. ಮಾತಿನ ಧರ್ಮವನ್ನು ಧಾತುವು ಮೀರಿದಲ್ಲಿ ಮಾತ್ರವೇ ದೋಷ. ಪದ್ಯಗಳಿಗೆ ರಾಗ ಹಾಕಿಸುವ ಉಪಾಧ್ಯಾಯರು ಮೊದಲು ಅವನ್ನು ವಾಚಿಸಿ, ಗುರುಲಘುಗಳನ್ನು ಕಿವಿಯಿಂದಲೇ ಅಳೆದುಕೊಳ್ಳುವುದು ಉಚಿತ.