ಹದಿನೆಂಟು ಇಂಚು ಎಂದರೆ ಸಾಲದು

ಹಾಗಲವಾಡಿ ಸುತ್ತಿನ ತೆಂಗಿನ ತೋಟಗಳಲ್ಲಿ ಸುಳಿ ಒಣಗಿ ನಿಂತ ಮರವನ್ನು ಉರುಳಿಸಲು ಕೊಡಲಿ ಹಿಡಿಯುವವರು ಈಗ ಕಡಿಮೆ. ಪೆಟ್ರೋಲಿನ ಚೈನ್ ಗರಗಸ ಆ ಕೆಲಸವನ್ನು ಕೆಲವೇ ನಿಮಿಷಗಳಲ್ಲಿ ಮುಗಿಸುತ್ತದೆ. ಆದರೆ ತೆಂಗು ಏಕದಳ ಸಸ್ಯ. ಮಾವು, ಹಲಸಿನಂತಲ್ಲದೆ ಇದರ ಕಾಂಡದಲ್ಲಿ ಹೊರಭಾಗವೇ ಗಟ್ಟಿ, ಒಳಗೆ ಮೆತ್ತಗೆ. ಜೊತೆಗೆ ಸಿಲಿಕಾ ಬೇರೆ ಇರುವುದರಿಂದ ಗರಗಸದ ಹಲ್ಲು ಬೇಗ ಮೊಂಡಾಗುತ್ತದೆ. ಅರದಿಂದ ಉಜ್ಜಿ ಉಜ್ಜಿ ಹಲ್ಲು ಸವೆದ ಮೇಲೆ ಹೊಸ ಚೈನ್ ತರಲೇಬೇಕು. ಯಜಮಾನರು ಗುಬ್ಬಿಗೋ ತುಮಕೂರಿಗೋ ಬಸ್ಸು ಹತ್ತುತ್ತಾರೆ. 'ಹದಿನೆಂಟು ಇಂಚಿನದು ಕೊಡಿ' ಎಂದು ಕೇಳಿ ತಂದದ್ದು ಎಷ್ಟೋ ವೇಳೆ ಕೂರುವುದೇ ಇಲ್ಲ. ದುಡ್ಡಿನ ಜೊತೆಗೆ ಒಂದು ದಿನವೂ ಹಾಳು.

ಅಂಗಡಿಯವನನ್ನು ಬೈದು ಫಲವಿಲ್ಲ. ಹದಿನೆಂಟು ಇಂಚು ಎಂಬುದು ಚೈನ್ ಸುತ್ತುವ ಉಕ್ಕಿನ ಪಟ್ಟಿಯ, ಅಂದರೆ ಬಾರ್‌ನ ಉದ್ದ. ಚೈನಿಗೆ ತನ್ನದೇ ಆದ ಮೂರು ಅಳತೆಗಳಿವೆ. ಹೈಸ್ಕೂಲಿನ ಮಗನೋ ಮಗಳೋ ಮನೆಯಲ್ಲಿದ್ದರೆ ಮೂರನ್ನೂ ಅರ್ಧ ಗಂಟೆಯಲ್ಲಿ ಕಂಡುಹಿಡಿಯಬಹುದು. ಆದರೆ ಎಂಜಿನ್ ನಿಲ್ಲಿಸಿ, ಸ್ಪಾರ್ಕ್ ಪ್ಲಗ್ಗಿನ ಟೋಪಿ ಕಿತ್ತು, ಕೈಗವಸು ತೊಟ್ಟು ಚೈನ್ ಬಿಚ್ಚುವ ಕೆಲಸ ದೊಡ್ಡವರದು. ಬಿಚ್ಚಿಟ್ಟ ಚೈನೂ ಕೈ ಕೊಯ್ಯುತ್ತದೆ.

ಮೊದಲನೆಯದು ಪಿಚ್. ಸೈಕಲ್ ಚೈನಿನಲ್ಲಿ ಒಂದು ರಿವೆಟ್ಟಿನಿಂದ ಮುಂದಿನದಕ್ಕೆ ಎಲ್ಲಿ ಅಳೆದರೂ ಅರ್ಧ ಅಂಗುಲ. ಗರಗಸದ ಚೈನ್ ಹಾಗಲ್ಲ. ಆ ದೂರ ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ. ಆದ್ದರಿಂದ ಸಾಲಾಗಿ ಮೂರು ರಿವೆಟ್ಟು ಹಿಡಿದು, ಮೊದಲನೆಯದರ ನಡುವಿನಿಂದ ಮೂರನೆಯದರ ನಡುವಿನವರೆಗೆ ಅಳೆದು ಎರಡರಿಂದ ಭಾಗಿಸಬೇಕು. ಅಳತೆ 16.5 ಮಿ.ಮೀ. ಬಂದರೆ ಪಿಚ್ 0.325 ಅಂಗುಲ. 18.6 ಬಂದರೆ ಅಂಗಡಿಯವರು 3/8 ಎನ್ನುವ ಜಾತಿ. ನಡುವೆ 2 ಮಿ.ಮೀ. ಅಂತರವಿರುವುದರಿಂದ ಶಾಲೆಯ ಸ್ಕೇಲೇ ಸಾಕು. ಪಿಚ್ ತಪ್ಪಿದರೆ ಚೈನ್ ಎಂಜಿನ್ ಬದಿಯ ಹಲ್ಲುಚಕ್ರದ ಮೇಲೆ ಸರಿಯಾಗಿ ಕೂರದೆ ಚಕ್ರವನ್ನೇ ತಿನ್ನುತ್ತದೆ. 3/8ರಲ್ಲಿ ಗಿಡ್ಡ ಹಲ್ಲಿನ ಇನ್ನೊಂದು ಬಗೆಯೂ ಉಂಟು; ಹಳೆಯ ಚೈನನ್ನು ಜೊತೆಗೆ ಒಯ್ಯುವುದೇ ಮೇಲು.

ಎರಡನೆಯದು ಗೇಜ್. ಚೈನಿನ ಕೆಳಗೆ ಬಾಲದಂತೆ ಇಳಿಬಿದ್ದು ಬಾರ್‌ನ ಸಂದಿನಲ್ಲಿ ಓಡುವ ಕೊಂಡಿಯ ದಪ್ಪ ಇದು. ಸಾಮಾನ್ಯವಾಗಿ 1.3, 1.5 ಅಥವಾ 1.6 ಮಿ.ಮೀ. ಇಲ್ಲಿ ಸ್ಕೇಲು ಸೋಲುತ್ತದೆ. ಪ್ರಯೋಗಾಲಯದ ವರ್ನಿಯರ್ ಕ್ಯಾಲಿಪರ್ಸ್ ಅಳೆಯಬಲ್ಲ ಕನಿಷ್ಠ ಅಳತೆ 0.1 ಮಿ.ಮೀ. 1.5ಕ್ಕೂ 1.6ಕ್ಕೂ ಇರುವ ಅಂತರವೂ ಅಷ್ಟೇ! ಶೂನ್ಯ ದೋಷ ನೋಡಿಕೊಳ್ಳದೆ ಅಳೆದರೆ ತಪ್ಪು ಚೈನೇ ಮನೆಗೆ ಬಂದೀತು. ಅಲ್ಲದೆ ಸವೆದ ಕೊಂಡಿ ತೆಳುವಾಗಿರುತ್ತದೆ, 1.6ರದು ತನ್ನನ್ನು 1.5 ಎಂದು ಹೇಳಿಕೊಳ್ಳಬಹುದು. ಆದ್ದರಿಂದ ಬಾರ್‌ನ ಬುಡದ ಜಿಡ್ಡು ಒರೆಸಿ, ಅಲ್ಲಿ ಅಚ್ಚೊತ್ತಿದ ಅಂಕಿಗಳಿದ್ದರೆ ಅವನ್ನೇ ನಂಬುವುದು ಒಳ್ಳೆಯದು. ದಪ್ಪ ಕೊಂಡಿ ಸಂದಿಗೆ ಇಳಿಯುವುದಿಲ್ಲ, ತಪ್ಪು ಕೂಡಲೇ ಗೊತ್ತಾಗುತ್ತದೆ. ತೆಳುವಾದದ್ದು ಇಳಿಯುತ್ತದೆ, ಓಡುತ್ತದೆ, ಅತ್ತಿತ್ತ ವಾಲಾಡಿ ಕೊಯ್ತವನ್ನು ಸೊಟ್ಟಗೆ ಮಾಡುತ್ತದೆ. ಭಯಪಡಬೇಕಾದದ್ದು ಇದಕ್ಕೆ.

ಇನ್ನು ಎಣಿಕೆ. ಒಂದು ಬಾಲದ ಕೊಂಡಿಗೆ ಸೀಮೆಸುಣ್ಣದ ಗುರುತು ಹಾಕಿ ಇಬ್ಬರು ಬೇರೆ ಬೇರೆಯಾಗಿ ಎಣಿಸಲಿ. 72 ಇರಬಹುದು, 76 ಇರಬಹುದು. ಕಡಿಮೆಯಾದರೆ ಚೈನ್ ಹತ್ತುವುದಿಲ್ಲ. ಹೆಚ್ಚಾದರೆ ಬಿಗಿಯಾಗದೆ ಓಡುವಾಗ ಕಳಚೀತು.

ಕಳಚಿದರೇನು ಎನ್ನುವವರು ಒಂದು ಲೆಕ್ಕ ಮಾಡಿ ನೋಡಲಿ. ಏಳು ಹಲ್ಲಿನ ಚಕ್ರ ಒಂದು ಸುತ್ತಿಗೆ 14 ಪಿಚ್‌ನಷ್ಟು ಚೈನ್ ಎಳೆಯುತ್ತದೆ. ಪಿಚ್ 0.325 ಅಂಗುಲವಾದರೆ ಅದು ಸುಮಾರು 11.6 ಸೆಂ.ಮೀ. ನಿಮಿಷಕ್ಕೆ 9,000 ಸುತ್ತು ಎಂದಿಟ್ಟುಕೊಂಡರೆ ಸೆಕೆಂಡಿಗೆ 17 ಮೀಟರಿಗೂ ಹೆಚ್ಚು, ಗಂಟೆಗೆ 62 ಕಿ.ಮೀ. ಹೆದ್ದಾರಿಯ ಬಸ್ಸಿನ ವೇಗದಲ್ಲಿ ಉಕ್ಕಿನ ಹಲ್ಲುಗಳು, ಅದೂ ಹಿಡಿದವನ ಮೊಣಕಾಲಿನ ಪಕ್ಕದಲ್ಲಿ.

ಈ ಹಲ್ಲುಗಳ ಕಥೆ ತೆಂಗು ಬೆಳೆಗಾರರಿಗೆ ಸ್ವಾರಸ್ಯವಾಗಿ ಕಾಣಬಹುದು. 1946ರಲ್ಲಿ ಅಮೆರಿಕದ ಆರೆಗಾನ್ ರಾಜ್ಯದ ಮರಕಡಿಯುವ ಜೋಸೆಫ್ ಕಾಕ್ಸ್, ಮರದ ಬೊಡ್ಡೆಯೊಂದರಲ್ಲಿ ದುಂಬಿಯ ಮರಿಹುಳು ಎಡದವಡೆ ಬಲದವಡೆಗಳಿಂದ ಸರಾಗವಾಗಿ ಕೊರೆಯುವುದನ್ನು ಕಂಡರು. ಅದನ್ನೇ ಅನುಸರಿಸಿ ಎಡಕ್ಕೊಂದು, ಬಲಕ್ಕೊಂದು ಬಾಗಿದ ಹಲ್ಲಿನ ಚೈನ್ ರೂಪಿಸಿದರು. ತೋಟಕ್ಕೆ ಶತ್ರುವಾದ ಕೊರೆಹುಳು ಗರಗಸಕ್ಕೆ ಗುರುವಾಯಿತು!

ಹೊಸ ಚೈನ್ ಕೂರಿಸುವಾಗ ಬಾರ್‌ನ ಮೇಲಂಚಿನ ಹಲ್ಲುಗಳು ತುದಿಯ ಕಡೆಗೆ ಮುಖ ಮಾಡಿರಬೇಕು. ಮೂರು ಅಂಕಿಗಳನ್ನು ಗರಗಸದ ಪೆಟ್ಟಿಗೆಯ ಮುಚ್ಚಳದ ಒಳಗೆ ಬರೆದಿಟ್ಟರೆ ಒಳ್ಳೆಯದು. ಮುಂದಿನ ಸಲ ಚೈನ್ ಬೇಕಾದಾಗ ಎಣಿಸಿಕೊಟ್ಟ ಹುಡುಗ ಹಾಸ್ಟೆಲ್ಲಿನಲ್ಲಿರಬಹುದು.